ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಹೂ ಕಟ್ಟುವ ನೂಲಿನ ಅಳತೆ

ತಂಗಿಯ ಬಾಣಂತನಕ್ಕೆಂದು ಅಮ್ಮ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಜನವರಿಯಲ್ಲಿ, "ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು?" ಎಂದು ಕೇಳಿದರು. ಸುಮಾರು 14,000 ಕಿಲೋಮೀಟರ್ ಎಂದೆ. ಗೋಡೆಯ ಭೂಪಟದ ಮೇಲೆ ಅವರ ಬೆರಳು ಆಗಲೇ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್‌ಗಳನ್ನು ದಾಟುತ್ತಿದ್ದುದನ್ನು ಕಂಡು, ಮಗನ ಗ್ಲೋಬನ್ನು ತಂದು, ಮಲ್ಲಿಗೆ ಕಟ್ಟಲು ಅವರು ಇಟ್ಟುಕೊಂಡಿದ್ದ ನೂಲನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಎಳೆದು ಹಿಡಿದೆ. ನೂಲು ಪಶ್ಚಿಮಕ್ಕೆ ಹೋಗಲೇ ಇಲ್ಲ. ನೇಪಾಳ, ಟಿಬೆಟ್, ಮಂಗೋಲಿಯಾಗಳ ಮೇಲೆ ಹಾದು, ಸೈಬೀರಿಯಾದ ಉತ್ತರದ ಅಂಚನ್ನು ಮುಟ್ಟಿ, ಅಲಾಸ್ಕಾದ ಮೂಲಕ ಕೆಳಗಿಳಿಯಿತು. 30 ಸೆಂಟಿಮೀಟರ್ ಅಡ್ಡಗಲದ ಆ ಗ್ಲೋಬಿನ ಮೇಲೆ ಅದರ ಉದ್ದ ಸರಿಸುಮಾರು 33 ಸೆಂಟಿಮೀಟರ್.

ವಿಮಾನ ಈ ನೂಲಿನ ಮೇಲೆಯೇ ಹಾರುತ್ತದೆಂದಲ್ಲ. ಒಳಗಿನ ಗಾಳಿಯೊತ್ತಡ ಕುಸಿದರೆ ವಿಮಾನವು ಸುಮಾರು 10,000 ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರವಿರುವುದರಿಂದ ಸಾಮಾನ್ಯವಾಗಿ ಅದನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಗಾಳಿಯ ಲೆಕ್ಕ ಇನ್ನೂ ದೊಡ್ಡದು. ಗಂಟೆಗೆ 900 ಕಿಲೋಮೀಟರ್‌ನಂತೆ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಸಾಕು. ಆದರೆ ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಬಹಳ ಪ್ರಬಲವಾಗಿರುವುದರಿಂದ, ಪೆಸಿಫಿಕ್ ಮೇಲೆ ಅದರ ಬೆನ್ನೇರಿ ಹೋಗುವ ಸುತ್ತುದಾರಿಯೇ ಎಷ್ಟೋ ದಿನ ಬೇಗ ಮುಟ್ಟಿಸುತ್ತದೆ. ಹಾಗಾಗಿ ಕಿಲೋಮೀಟರ್ ಸಂಖ್ಯೆಯೊಂದನ್ನೇ ನೋಡಿ ಪ್ರಯಾಣದ ಹೊತ್ತನ್ನು ನಿರ್ಧರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳೊಂದಿಗೆ, 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ಮೇಲಿಂದ ಹಾರಿ, 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿದಿತ್ತು. ಹಾರಿದ್ದು ಹದಿನೇಳು ಗಂಟೆಗೂ ಹೆಚ್ಚು. ಕ್ಯಾಲೆಂಡರಿನಲ್ಲಿ ದಾಟಿದ್ದು ಎರಡು ತಾರೀಕು.

ಅಮ್ಮನಿಗೆ ಅರ್ಥವಾಗದೆ ಉಳಿದದ್ದು ಈ ತಾರೀಕಿನ ವಿಷಯವೇ. ಅವರು ಹೊರಟದ್ದು ಶನಿವಾರ ಮಧ್ಯಾಹ್ನ 2 ಗಂಟೆಗೆ. 16 ಗಂಟೆ ಹಾರಿ ಇಳಿಯುವ ಹೊತ್ತಿಗೆ ಇಲ್ಲಿ ಭಾನುವಾರ ಬೆಳಗಿನ 6. ಚಳಿಗಾಲದ ಹದಿಮೂರೂವರೆ ಗಂಟೆಯ ಅಂತರವನ್ನು ಕಳೆದರೆ ಅಲ್ಲಿ ಇನ್ನೂ ಶನಿವಾರವೇ, ಸಂಜೆ ನಾಲ್ಕೂವರೆ. ಅಂದರೆ ಅವರ ಪಾಲಿನ ಆ ಶನಿವಾರ ಮೂವತ್ತೇಳೂವರೆ ಗಂಟೆಯದ್ದು. ನಲವತ್ತು ವರ್ಷಗಳಿಂದ ಶನಿವಾರದ ಒಪ್ಪತ್ತನ್ನು ತಪ್ಪಿಸದ ಅವರು, ಒಂದೇ ಊಟದಲ್ಲಿ ಅಷ್ಟು ಹೊತ್ತು ಇರಬೇಕೇ ಎಂದು ಗಂಭೀರವಾಗಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ವ್ರತ ಹಿಡಿದದ್ದು ಇಲ್ಲಿನ ಸೂರ್ಯನನ್ನು ನೋಡಿ, ಬಿಡುವುದೂ ಇಲ್ಲಿನ ಲೆಕ್ಕದಲ್ಲೇ ಎಂದು ಅವರೇ ತೀರ್ಮಾನಿಸಿದರು. ಕೈಗಡಿಯಾರವನ್ನು ತಂಗಿಯ ಮನೆ ಮುಟ್ಟುವವರೆಗೂ ಬದಲಾಯಿಸಲಿಲ್ಲ.