ಸರ್ಚುವಿನ ರಾತ್ರಿಗೆಂದು ಕಟ್ಟಿದ ಚೀಲ

ಮನಾಲಿಯಿಂದ ಲೇಹ್‌ಗೆ ಸೈಕಲ್‌ನಲ್ಲಿ ಹೊರಡುವವರು ಸಾಮಾನ್ಯವಾಗಿ ಹೆದರುವುದು ಏರಿಗೆ. ಬಾರಾಲಾಚಾ ಲಾ, ನಕೀ ಲಾ, ಲಾಚುಲುಂಗ್ ಲಾ, ಕೊನೆಗೆ 5,300 ಮೀಟರ್ ಮೀರುವ ತಂಗ್ಲಾಂಗ್ ಲಾ. 'ಲಾ' ಎಂದರೆ ಬೆಟ್ಟ ದಾಟುವ ಕಣಿವೆದಾರಿ. ನನಗೆ ಭಯವಿದ್ದದ್ದು ಇಳಿಜಾರಿನ ಬಗ್ಗೆ. ಏರುವಾಗ ಎಂಥ ಚಳಿಯಲ್ಲೂ ಮೈ ಬೆವರಿ ಅಂಗಿ ಬೆನ್ನಿಗೆ ಅಂಟುತ್ತದೆ. ನೆತ್ತಿ ದಾಟಿದ ಕೂಡಲೇ ತುಳಿಯುವ ಕೆಲಸ ಮುಗಿಯಿತು, ಮೈಯಲ್ಲಿ ಶಾಖ ಹುಟ್ಟುವುದೂ ನಿಂತಿತು. ಎದುರುಗಾಳಿಗೆ ಅದೇ ಬೆವರು ಮಂಜಿನಷ್ಟು ತಣ್ಣಗಾಗುತ್ತದೆ. ಚಳಿಗಾಗಿ ಚೀಲ ಕಟ್ಟುವಾಗ ಎಷ್ಟು ಬಟ್ಟೆ ಎಂಬುದಕ್ಕಿಂತ, ಒಣಗಿದ ಬಟ್ಟೆಯನ್ನು ಒಣಗಿದ್ದಾಗಿಯೇ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಮುಖ್ಯ.

ಸೆಪ್ಟೆಂಬರ್ ನಡುವೆ, ಮನಾಲಿಯ ಕೋಣೆಯೊಂದರಲ್ಲಿ ಸಾಮಾನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದೆವು. ಜೊತೆಗಿದ್ದವರು ಹುಬ್ಬಳ್ಳಿಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಈ ದಾರಿಯಲ್ಲಿ ಮೊದಲೇ ಹೋಗಿಬಂದವರು. ನಾನು ಒಂದೊಂದು ಬಟ್ಟೆ ಎತ್ತಿದಾಗಲೂ ಅವರದು ಒಂದೇ ಪ್ರಶ್ನೆ: "ತುಳಿಯಲಿಕ್ಕೋ, ಮಲಗಲಿಕ್ಕೋ?"

"ಎರಡಕ್ಕೂ ಆಗುತ್ತದಲ್ಲ ಅಣ್ಣ?"

"ಎರಡಕ್ಕೂ ಅನ್ನುವ ಬಟ್ಟೆ ಸರ್ಚುವಿನಲ್ಲಿ ಯಾವುದಕ್ಕೂ ಆಗುವುದಿಲ್ಲ. ಒಂದು ಹೇಳು."

ಸರ್ಚು ಎಂದರೆ ಬಾರಾಲಾಚಾ ಇಳಿದ ಮೇಲೆ ನಾವು ರಾತ್ರಿ ತಂಗಬೇಕಿದ್ದ ಜಾಗ. ಹೀಗೆ ಎರಡು ರಾಶಿಯಾಯಿತು. ಮಲಗುವ ರಾಶಿ ಬಹಳ ಚಿಕ್ಕದು: ಉಣ್ಣೆಯ ಒಳಅಂಗಿ, ಒಳಪ್ಯಾಂಟು, ಒಂದು ಜೊತೆ ದಪ್ಪ ಕಾಲುಚೀಲ, ಮಂಕಿ ಕ್ಯಾಪ್. ಅವನ್ನು ಬಿಗಿಯಾಗಿ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೊಣಕಾಲಿನಿಂದ ಒತ್ತಿ ಗಾಳಿ ತೆಗೆದು, ಬಾಯಿ ತಿರುಚಿ, ರಬ್ಬರ್ ಬ್ಯಾಂಡ್ ಬಿಗಿದೆ. ಆ ಗಂಟು ಸ್ಲೀಪಿಂಗ್ ಬ್ಯಾಗಿನ ಜೊತೆ ಹಿಂದಿನ ಪ್ಯಾನಿಯರ್‌ನ, ಅಂದರೆ ಚಕ್ರದ ಬದಿಗೆ ತೂಗುವ ಚೀಲದ, ತಳ ಸೇರಿತು. ಹಗಲಿನಲ್ಲಿ ಎಷ್ಟೇ ಚಳಿಯಾದರೂ ಅದನ್ನು ಬಿಚ್ಚುವಂತಿಲ್ಲ. ಹತ್ತಿಯ ಬನಿಯನ್‌ಗಳು ಮನಾಲಿಯಲ್ಲೇ ಉಳಿದವು. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಉಣ್ಣೆ ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ.

ಟೆಂಟನ್ನು ಚೀಲದೊಳಗೆ ಹಾಕದೆ ಕ್ಯಾರಿಯರ್ ಮೇಲೆ ಹೊರಗೇ ಕಟ್ಟಿದೆವು. ರಾತ್ರಿ ನಮ್ಮ ಉಸಿರಿನ ತೇವವೇ ಅದರ ಒಳಮೈಯಲ್ಲಿ ಹಿಮದ ಪುಡಿಯಾಗಿ ಕೂರುತ್ತದೆ. ಬೆಳಗ್ಗೆ ಅದನ್ನು ಮಡಚಿ ಸ್ಲೀಪಿಂಗ್ ಬ್ಯಾಗಿನ ಪಕ್ಕ ತುರುಕಿದರೆ ಅದರೊಳಗೆ ತುಂಬಿದ ಬಾತುಕೋಳಿಯ ಪುಕ್ಕ ಒದ್ದೆಯಾಗಿ ಮುದ್ದೆಗಟ್ಟುತ್ತದೆ, ಆಮೇಲೆ ಆ ಬ್ಯಾಗು ಇದ್ದೂ ಇಲ್ಲದಂತೆ. ಭಾರದ ಉಪಕರಣ, ಆಹಾರವೆಲ್ಲ ಮುಂಚಕ್ರದ ಬದಿಯ ಚೀಲಗಳಲ್ಲಿ, ಆದಷ್ಟು ಕೆಳಗೆ.

ಒಲೆಯ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಮನಾಲಿಯಲ್ಲೇ ಕೊಂಡೆವು. ಬರೀ ಬ್ಯುಟೇನ್ ತುಂಬಿದ ಡಬ್ಬಿ ಅಗ್ಗ. ಆದರೆ ಸೊನ್ನೆ ಡಿಗ್ರಿಯ ಹತ್ತಿರ ಅದು ಅನಿಲವಾಗಲು ಒಲ್ಲೆನ್ನುತ್ತದೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ತುಸು ಸುಲಭವಾಗಿ ಅನಿಲವಾದರೂ ನಂಬುವಂತಿಲ್ಲ. ಹುಡುಕಿ ಐಸೊಬ್ಯುಟೇನ್ ಮತ್ತು ಪ್ರೊಪೇನ್ ಬೆರೆತದ್ದನ್ನೇ ತಂದೆವು. ಅಕ್ಕಿ, ಬೇಳೆಯ ಗೊಡವೆಗೆ ಹೋಗಲಿಲ್ಲ. ಸರ್ಚುವಿನ ಎತ್ತರದಲ್ಲಿ ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಬೇಳೆ ಬೇಯುವಷ್ಟರಲ್ಲಿ ಡಬ್ಬಿ ಖಾಲಿ. ಮನೆಯಿಂದಲೇ ತರಿತರಿಯಾಗಿ ಪುಡಿಮಾಡಿದ ಗಟ್ಟಿ ಅವಲಕ್ಕಿ, ಅಮ್ಮ ಕುದಿಸಿ ಎಣ್ಣೆ ತೇಲಿಸಿ ಕೊಟ್ಟ ಪುಳಿಯೋಗರೆ ಗೊಜ್ಜು, ಹುರಿಗಡಲೆ, ಬೆಲ್ಲ ತಂದಿದ್ದೆ. ಬಿಸಿನೀರು ಸುರಿದು ಕಲಸಿ ಮುಚ್ಚಿಟ್ಟರೆ ಗೊಜ್ಜವಲಕ್ಕಿ ಸಿದ್ಧ. ಆ ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ, ಹುಳಿ ಖಾರ ಇದ್ದರಷ್ಟೇ ತುತ್ತು ಇಳಿಯುತ್ತದೆ. ಇದರ ಬದಲು ಯಾರು ಯಾವ ದುಬಾರಿ ಪೊಟ್ಟಣ ಕೊಟ್ಟರೂ ನಾನು ಒಯ್ಯಲಾರೆ.

ಹ್ಯಾಂಡಲ್ ಚೀಲದಲ್ಲಿ, ಕೈಗೆ ತಕ್ಷಣ ಸಿಗುವಂತೆ ಗಾಳಿ ತಡೆಯುವ ಜಾಕೆಟ್, ದಪ್ಪ ಕೈಗವಸು, ಕೆಲವು ಹಾಳೆ ಹಳೆಯ ದಿನಪತ್ರಿಕೆ. ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಬೆಟ್ಟದ ನೆತ್ತಿ ದಾಟುವ ಸವಾರರು ಎದೆಗೆ ಪತ್ರಿಕೆ ತುರುಕಿಕೊಂಡು ಇಳಿಯುವ ರೂಢಿ ಬಹಳ ಹಳೆಯದು. ಬಾರಾಲಾಚಾದಲ್ಲಿ ನಿಂತ ಕ್ಷಣವೇ, ಫೋಟೊಗೂ ಮುಂಚೆ, ನಾಲ್ಕು ಮಡಿಕೆಯ ಕನ್ನಡ ಪತ್ರಿಕೆಯನ್ನು ಅಂಗಿಗೂ ಜಾಕೆಟ್ಟಿಗೂ ನಡುವೆ ಇಳಿಬಿಟ್ಟು ಜಿಪ್ ಎಳೆದುಕೊಂಡೆ. ಇಳಿಯುವಾಗ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದೆ ಅಲ್ಲಲ್ಲಿ ನಿಲ್ಲಬೇಕಾಯಿತು, ಆದರೆ ಎದೆಗೆ ಗಾಳಿ ತಾಗಲಿಲ್ಲ. ಕೆಳಗೆ ಬಂದು ತೆಗೆದಾಗ ಪತ್ರಿಕೆಯ ಒಳಹಾಳೆ ಬೆವರಿಗೆ ನೆನೆದು ಮೆತ್ತಗಾಗಿತ್ತು, ಹೊರಹಾಳೆ ಗರಿಗರಿಯಾಗಿಯೇ ಇತ್ತು.

ಸರ್ಚುವಿನಲ್ಲಿ ಹೊತ್ತು ಮುಳುಗುವ ಮುನ್ನ ಟೆಂಟ್ ನಿಂತಿತು. ಮೊದಲು ಫೋಮ್ ಚಾಪೆ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಮೈ ಅದುಮಿ ಗಾಳಿಯೇ ಉಳಿಯದ ಕಾರಣ ನೆಲದ ಚಳಿಯನ್ನು ತಡೆಯುವುದು ಚಾಪೆಯೇ. ಅಂದು ಆ ರಬ್ಬರ್ ಬ್ಯಾಂಡ್ ಬಿಚ್ಚಿ ಒಣ ಉಣ್ಣೆ ತೊಟ್ಟಾಗ ಆದ ಸುಖವನ್ನು ಇನ್ನೊಬ್ಬರಿಗೆ ವಿವರಿಸುವುದು ಕಷ್ಟ. ಮೊಬೈಲ್, ಪವರ್ ಬ್ಯಾಂಕ್, ಗ್ಯಾಸ್ ಡಬ್ಬಿ, ಹೆಪ್ಪುಗಟ್ಟಿದರೆ ಒಳಗಿನ ನಳಿಕೆಗಳು ಬಿರಿದು ಕೆಡುವ ನೀರಿನ ಫಿಲ್ಟರ್, ಎಲ್ಲವೂ ನನ್ನ ಜೊತೆ ಬ್ಯಾಗಿನೊಳಗೇ ಮಲಗಿದವು.

ಬೆಳಗ್ಗೆ ಹೊರಗೆ ಹಗ್ಗದ ಮೇಲಿದ್ದ ಸವಾರಿಯ ಅಂಗಿ ಹಪ್ಪಳದಂತೆ ಸೆಟೆದು ನಿಂತಿತ್ತು. ಬಿಸಿಲು ಬೆಟ್ಟ ದಾಟಿ ನಮ್ಮ ತನಕ ಬರುವವರೆಗೆ ಕಾದು, ಅಂಗಿಯನ್ನು ಹ್ಯಾಂಡಲ್ ಮೇಲೆ ಹರಡಿ, ಗೊಜ್ಜವಲಕ್ಕಿ ತಿಂದೆವು. ಒಣ ಉಣ್ಣೆಯನ್ನು ಕಳಚಿ ಆ ಅಂಗಿಯನ್ನು ತೊಡಲು ಮನಸ್ಸು ಒಪ್ಪಲಿಲ್ಲ.

"ಇದರ ಮೇಲೆಯೇ ಜಾಕೆಟ್ ಹಾಕಿಕೊಳ್ಳಲೇ ಅಣ್ಣ?"

"ಇವತ್ತು ರಾತ್ರಿ ಏನು ಹಾಕಿಕೊಳ್ಳುತ್ತೀ?"

ಕಳಚಿದೆ. ಗಂಟು ಮತ್ತೆ ಪ್ಯಾನಿಯರ್‌ನ ತಳಕ್ಕೆ ಹೋಯಿತು. ಇನ್ನೂ ತೇವವಿದ್ದ ಅಂಗಿಯಲ್ಲಿ ನಡುಗುತ್ತ ಹೊರಟವನಿಗೆ ಗಾಟಾ ಲೂಪ್ಸ್ ಏರಿನ 21 ತಿರುವುಗಳು ಶುರುವಾಗುವ ಹೊತ್ತಿಗೆ ಜಾಕೆಟ್‌ನ ಜಿಪ್ ಪೂರ್ತಿ ತೆರೆದಿತ್ತು.