ಎಂಟು ಔಟ್ ಬಾಕಿ ಇತ್ತು

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಅದರ ಫೈನಲ್‌ಗೆ ವರ್ಲ್ಡ್ ಸೀರೀಸ್ ಅನ್ನುತ್ತಾರೆ. ಇಷ್ಟು ತಂಡಗಳಲ್ಲಿ ಆ ಫೈನಲ್ ಅನ್ನು ಒಂದು ಸಲವೂ ಆಡದ ತಂಡ ಒಂದೇ ಒಂದು. ಅದು ನಮ್ಮ ಸಿಯಾಟಲ್ ಮ್ಯಾರಿನರ್ಸ್. 1977ರಲ್ಲಿ ಶುರುವಾದ ತಂಡ ಇದು. ಗೆಲ್ಲುವ ಮಾತು ಹಾಗಿರಲಿ, ಅಲ್ಲಿಗೆ ಹೋಗಿಯೇ ಇಲ್ಲ. 2025ರ ಅಕ್ಟೋಬರ್ 20ರ ರಾತ್ರಿ ಅಲ್ಲಿಗೆ ಹೋಗಲು ಎಂಟು ಔಟ್ ಬಾಕಿ ಇತ್ತು. ಎದುರು ತಂಡದವರನ್ನು ಇನ್ನು ಎಂಟು ಸಲ ಔಟ್ ಮಾಡಿದ್ದರೆ ಸಾಕಿತ್ತು. ಎಂಟೇ ಎಂಟು.

ಆ ರಾತ್ರಿಯ ಬಗ್ಗೆ ಬರೆಯಲು ಇಷ್ಟು ದಿನ ಮನಸ್ಸಾಗಿರಲಿಲ್ಲ. ಈಗ ಜನವರಿ. ಮುಂದಿನ ತಿಂಗಳು ಅರಿಜೋನಾದ ಪಿಯೋರಿಯಾದಲ್ಲಿ ಹುಡುಗರು ಮತ್ತೆ ಅಭ್ಯಾಸಕ್ಕೆ ಇಳಿಯುತ್ತಾರೆ. ಅಷ್ಟರೊಳಗೆ ಹೋದ ವರ್ಷದ ಲೆಕ್ಕ ಮುಗಿಸಿಬಿಡಬೇಕು.

ಬೆಂಗಳೂರಿನವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಈ ಸಲ ಕಪ್ ನಮ್ದೇ’ ಅಂತ ವರ್ಷ ವರ್ಷವೂ ಕೂಗಿದವರು ನಾವು. ಹೋದ ಜೂನ್ 3ರಂದು ಆರ್‌ಸಿಬಿ ಕೊನೆಗೂ ಕಪ್ ಎತ್ತಿದಾಗ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನಮಗೆ ಬೆಳಗಿನ ಹೊತ್ತು. ಕೊನೆಯ ಓವರ್ ಮುಗಿಯುವಾಗ ನಾನೂ ನನ್ನ ಗಂಡನೂ ಟಿವಿ ಮುಂದೆ ನಿಂತೇ ಇದ್ದೆವು. ಕಣ್ಣು ಒರೆಸಿಕೊಂಡು ಮಗಳಿಗೆ ಹೇಳಿದೆ, “ಈ ವರ್ಷ ಮ್ಯಾರಿನರ್ಸ್‌ದೂ ಆಗುತ್ತೆ ನೋಡ್ತಾ ಇರು.” ಸುಮ್ನೆ ಬಾಯಿಮಾತಿಗೆ ಹೇಳಿದ್ದಲ್ಲ. ನಿಜವಾಗಿ ನಂಬಿದ್ದೆ.

ಈ ತಂಡದ ಚರಿತ್ರೆ ಗೊತ್ತಿದ್ದವರು ಅಷ್ಟು ಸುಲಭವಾಗಿ ನಂಬುವುದಿಲ್ಲ. 2001ರಲ್ಲಿ ಇಚಿರೋ ಸುಜುಕಿ ಜಪಾನಿನಿಂದ ಬಂದ ಮೊದಲ ವರ್ಷವೇ ಮ್ಯಾರಿನರ್ಸ್ 116 ಪಂದ್ಯ ಗೆದ್ದರು. ಒಂದು ಸೀಸನ್‌ನಲ್ಲಿ ಅದಕ್ಕಿಂತ ಜಾಸ್ತಿ ಗೆದ್ದ ತಂಡ ಇಲ್ಲ. ಆದರೂ ಫೈನಲ್ ಬಾಗಿಲಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದವರು ಹೊಡೆದು ಹಾಕಿದರು. ಆಮೇಲೆ 21 ವರ್ಷ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. 2022ರಲ್ಲಿ ನಮ್ಮ ಕ್ಯಾಲ್ ರಾಲಿ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಅಂದುಕೊಳ್ಳಿ) ಹೊಡೆದು ಆ ಬರ ನೀಗಿಸಿದ. ನಾನು ಈ ಆಟಕ್ಕೆ ಬಿದ್ದದ್ದು ಆವತ್ತೇ. ಆಮೇಲಿನ 2023 ಮತ್ತು 2024, ಎರಡು ವರ್ಷವೂ ಒಂದೊಂದೇ ಗೆಲುವು ಸಾಲದೆ ಪ್ಲೇಆಫ್ ತಪ್ಪಿತು. 162 ಪಂದ್ಯ ಆಡಿ ಒಂದು ಕಡಿಮೆ ಬಿದ್ದರೆ ಹೇಗಾಗುತ್ತೆ ಹೇಳಿ.

2025 ಪೂರ್ತಿ ಕ್ಯಾಲ್‌ನ ವರ್ಷ. ಅವನು ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಜಾಗ ಅಂದುಕೊಳ್ಳಿ. ಆದರೆ ಕೆಲಸ ಇನ್ನೂ ಕಠಿಣ. ದಿನಾ ಮಂಡಿ ಮಡಿಸಿ ಕೂತು ಗಂಟೆಗೆ ನೂರಾ ಐವತ್ತು, ನೂರಾ ಅರವತ್ತು ಕಿಲೋಮೀಟರ್ ವೇಗದ ಚೆಂಡು ಹಿಡಿಯಬೇಕು. ಮಂಡಿ, ಬೆರಳು, ಭುಜ ಎಲ್ಲಾ ಜಜ್ಜಿಹೋಗುತ್ತವೆ. ಅದಕ್ಕೇ ಕ್ಯಾಚರ್‌ಗಳಿಂದ ಜನ ಹೋಮ್ ರನ್ ಜಾಸ್ತಿ ನಿರೀಕ್ಷಿಸುವುದಿಲ್ಲ. ಕ್ಯಾಚರ್ ಒಬ್ಬ ಒಂದು ಸೀಸನ್‌ನಲ್ಲಿ ಹೊಡೆದ ದಾಖಲೆ 48 ಇತ್ತು. ಕ್ಯಾಲ್ 60 ಹೊಡೆದ. ಅರವತ್ತನೆಯದು ಬಂದದ್ದು ಸೆಪ್ಟೆಂಬರ್ 24ರಂದು. ಅದೇ ರಾತ್ರಿ ಮ್ಯಾರಿನರ್ಸ್ 2001ರ ನಂತರ ಮೊದಲ ಸಲ ಐದು ತಂಡಗಳ ತಮ್ಮ ವಿಭಾಗ ಗೆದ್ದರು.

ಸೆಪ್ಟೆಂಬರ್ ಶುರುವಿನಲ್ಲಿ ತಂಡ ಮುಗ್ಗರಿಸುತ್ತಿತ್ತು. ಆಗ ಒಬ್ಬ ಅಭಿಮಾನಿ ಎಟ್ಸಿ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ದುಡ್ಡು ಕೊಟ್ಟು ಮಾಟಗಾತಿಯೊಬ್ಬಳಿಂದ ಮಂತ್ರ ಹಾಕಿಸಿದ. ಅದಾದ ಮೇಲೆ ತಂಡ ಸಾಲಾಗಿ ಹತ್ತು ಪಂದ್ಯ ಗೆದ್ದಿತು. ಊರೆಲ್ಲಾ ಅದೇ ಮಾತು. ತಿಪಟೂರಿನಿಂದ ಬಂದು ನಮ್ಮ ಜೊತೆ ಇದ್ದ ಮಾವನವರಿಗೆ ಇದನ್ನು ಹೇಳಿದರೆ ಅವರಿಗೆ ಚೂರೂ ಆಶ್ಚರ್ಯವಾಗಲಿಲ್ಲ. “ನಮ್ಮಲ್ಲಾದ್ರೆ ಈಡುಗಾಯಿ ಒಡೀತಾರೆ. ಇವರು ಇದು ಮಾಡಿದಾರೆ. ಗೆದ್ರಲ್ಲ, ಸಾಕು” ಅಂದರು.

ಅಕ್ಟೋಬರ್ 10ರಂದು ಪ್ಲೇಆಫ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ವಿರುದ್ಧದ ಸರಣಿಯ ಐದನೇ ಪಂದ್ಯಕ್ಕೆ ನಾನೂ ಮಗಳೂ ನಮ್ಮ ತಂಡದ ಸ್ಟೇಡಿಯಂ ಟಿ-ಮೊಬೈಲ್ ಪಾರ್ಕ್‌ಗೆ ಹೋಗಿದ್ದೆವು. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಟೈಗರ್ಸ್‌ನ ಪಿಚರ್ (ಬೌಲರ್ ಅಂದುಕೊಳ್ಳಿ) ತಾರಿಕ್ ಸ್ಕೂಬಲ್ ಒಬ್ಬನೇ ನಮ್ಮವರನ್ನು 13 ಸಲ ಸ್ಟ್ರೈಕ್ ಔಟ್ ಮಾಡಿದ. ನಮ್ಮ ಬೌಲ್ಡ್ ಇದ್ದ ಹಾಗೆ ಅದು. ಒಂಬತ್ತು ಇನಿಂಗ್ಸ್‌ಗೆ ಮುಗಿಯಬೇಕಾದ ಆಟ ಹದಿನೈದಕ್ಕೆ ಎಳೆಯಿತು. ಜನ ಕೂರುವುದನ್ನೇ ಬಿಟ್ಟರು. ಪಕ್ಕದ ಸೀಟಿನ ಅಜ್ಜಿ ಟೋಪಿಯನ್ನು ಒಳಮಗ್ಗುಲು ಮಾಡಿ ಹಾಕಿಕೊಂಡು, ಮಗಳಿಗೂ ಹಾಗೇ ಹಾಕಿಸಿದರು. ಅದೃಷ್ಟ ತಿರುಗಲಿ ಅಂತ ಇಲ್ಲಿ ಮಾಡುವ ಶಾಸ್ತ್ರ ಅದು. ಇನಿಂಗ್ಸ್ ನಡುವೆ ಸಾಲ್ಮನ್ ಮೀನಿನ ವೇಷದವರ ಓಟ ಇರುತ್ತದೆ. ಅದರಲ್ಲಿ ಹಂಪಿ ಅನ್ನುವ ಮೀನು ಯಾವತ್ತೂ ಗೆದ್ದಿರಲಿಲ್ಲ. ಆವತ್ತು ಗೆದ್ದುಬಿಟ್ಟಿತು. ಸ್ಟೇಡಿಯಂ ಕೂಗಿದ ಕೂಗಿಗೆ ಕಿವಿ ಗುಂಯ್ ಅಂದಿತು. ಆಮೇಲೆ ಹೋರ್ಹೆ ಪೊಲಾಂಕೋ ಚೆಂಡನ್ನು ಬಲಗಡೆಗೆ ತಳ್ಳಿದ, ಜೆ.ಪಿ. ಕ್ರಾಫರ್ಡ್ ಓಡಿ ಬಂದ, 3-2. ಯಾರು ಯಾರನ್ನು ತಬ್ಬಿಕೊಂಡರೋ ಲೆಕ್ಕವಿಲ್ಲ. ನನ್ನ ಬಾಳಿನಲ್ಲಿ ಕಂಡ ಅತಿ ಒಳ್ಳೆಯ ಆಟ ಅದೇ. ಚಿನ್ನಸ್ವಾಮಿಯಲ್ಲಿ ನೋಡಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಅಲ್ಲಿಂದ ಟೊರಾಂಟೊ ಬ್ಲೂ ಜೇಸ್ ವಿರುದ್ಧ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ವರ್ಲ್ಡ್ ಸೀರೀಸ್‌ಗೆ. ಅವರೂ 1977ರಲ್ಲೇ ಹುಟ್ಟಿದ ತಂಡ. ಆದರೆ ಅವರ ಹತ್ತಿರ ಎರಡು ಕಪ್ ಇವೆ. ನನ್ನ ತಮ್ಮ ಇರುವುದು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ. ಅಕ್ಕ ತಮ್ಮ ಆ ವಾರ ಫೋನಿನಲ್ಲಿ ಬೇರೆ ಮಾತೇ ಆಡಲಿಲ್ಲ. ಅಲ್ಲಿ ಹೋಗಿ ಮೊದಲ ಎರಡು ಗೆದ್ದೆವು. ಸಿಯಾಟಲ್‌ಗೆ ಬಂದು ಎರಡು ಸೋತೆವು. ಐದನೆಯದರಲ್ಲಿ ಎಂಟನೇ ಇನಿಂಗ್ಸ್‌ಗೆ ಕ್ಯಾಲ್ ಸ್ಕೋರ್ ಸಮ ಮಾಡಿದ. ಆಮೇಲೆ ಯುಹೇನಿಯೋ ಸುವಾರೆಜ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ಒಂದೇ ಹೊಡೆತಕ್ಕೆ ನಾಲ್ಕು ರನ್! ಆರನೆಯದು ಟೊರಾಂಟೊ ಗೆದ್ದಿತು. ಹಾಗೆ ಬಂತು ಏಳನೇ ಪಂದ್ಯ.

ಆವತ್ತು ನರಕ ಚತುರ್ದಶಿ. ಸೋಮವಾರ ಬೇರೆ. ಬೆಳಗ್ಗೆ ಎಣ್ಣೆಸ್ನಾನ ಮುಗಿಸಿ ಆಫೀಸಿಗೆ ಹೋಗಿ, ಬೇಗ ಬಂದೆ. ಸಂಜೆ ಅತ್ತೆ ಕಜ್ಜಾಯ ಕರಿಯುತ್ತಿದ್ದರು. ಮಗಳು ಬಾಗಿಲ ಮುಂದೆ ದೀಪ ಹಚ್ಚಿ ಓಡಿ ಬಂದು ಸೋಫಾದಲ್ಲಿ ಕೂತಳು. ಮಾವ ಕನ್ನಡಕ ಒರೆಸಿಕೊಂಡು ಟಿವಿಗೆ ಹತ್ತಿರದ ಕುರ್ಚಿ ಹಿಡಿದರು. ಒಂದು ಬೇಸಿಗೆ ದಿನಾ ನೋಡಿ ನೋಡಿ ಅವರಿಗೆ ಆಟ ಪೂರ್ತಿ ಅರ್ಥವಾಗಿತ್ತು. ಪಿಚರ್‌ಗೆ ಬೌಲರ್ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಮೂರನೇ ಇನಿಂಗ್ಸ್‌ನಲ್ಲಿ ಹೂಲಿಯೋ ರಾಡ್ರಿಗೆಜ್ ಹೋಮ್ ರನ್. ಐದರಲ್ಲಿ ಕ್ಯಾಲ್ ಹೋಮ್ ರನ್. 3-1. ಅತ್ತೆ ಬಾಣಲೆ ಬಿಟ್ಟು ಸೌಟು ಹಿಡಿದುಕೊಂಡೇ ಬಂದು ನಿಂತರು. ಬ್ರಯನ್ ವೂ ಪಿಚ್ ಮಾಡುತ್ತಿದ್ದ. ಇಡೀ ವರ್ಷ ನಮ್ಮ ಅತ್ಯಂತ ನಂಬಿಗಸ್ತ ಪಿಚರ್ ಅವನು. ಸೆಪ್ಟೆಂಬರ್‌ನಲ್ಲಿ ಎದೆಯ ಸ್ನಾಯು ನೋವಾಗಿ ಹೊರಗಿದ್ದು, ಈ ಸರಣಿಗೆ ತಾನೇ ವಾಪಸ್ ಬಂದಿದ್ದ. ಎರಡು ಇನಿಂಗ್ಸ್ ಸಲೀಸಾಗಿ ಮುಗಿಸಿದ. ಏಳನೆಯದರಲ್ಲಿ ಮೊದಲನೆಯವನಿಗೆ ವಾಕ್ ಕೊಟ್ಟ, ಅಂದರೆ ತಪ್ಪು ಚೆಂಡುಗಳನ್ನು ಹಾಕಿ ರನ್ ಓಡುವ ದಾರಿಯ ಮೊದಲ ನಿಲ್ದಾಣಕ್ಕೆ, ಮೊದಲ ಬೇಸ್‌ಗೆ, ಬಿಟ್ಟಿಯಾಗಿ ಕಳಿಸಿದ. ಎರಡನೆಯವನು ಸಿಂಗಲ್ ಹೊಡೆದ. ಮೂರನೆಯವನು ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ, ಆ ಇಬ್ಬರನ್ನೂ ಒಂದೊಂದು ಬೇಸ್ ಮುಂದೆ ಕಳಿಸಿದ. ಬ್ಯಾಟಿಗೆ ಬಂದವನು ಜಾರ್ಜ್ ಸ್ಪ್ರಿಂಗರ್. ಐದನೇ ಪಂದ್ಯದಲ್ಲಿ ಇದೇ ವೂ ಹಾಕಿದ ಚೆಂಡು ಅವನ ಮಂಡಿಗೆ ಬಡಿದಿತ್ತು.

ಮ್ಯಾನೇಜರ್ ಡ್ಯಾನ್ ವಿಲ್ಸನ್ ಮೈದಾನಕ್ಕೆ ಇಳಿದು ವೂನನ್ನು ತೆಗೆದ. ಎಡ್ವರ್ಡ್ ಬಜಾರ್ಡೋ ಬಂದ.

“ಅಲ್ಲಮ್ಮಾ, ಈ ಬೌಲರ್‌ನ ಯಾಕೆ ಕರೆದ? ಕೊನೇಲಿ ಬಂದು ಮುಗಿಸ್ತಾನಲ್ಲ, ಆ ಹುಡುಗ ಎಲ್ಲಿ?” ಅಂತ ಮಾವ ಕೇಳಿದರು. ಅವರು ಕೇಳಿದ್ದು ಆಂಡ್ರೆಸ್ ಮುನ್ಯೋಸ್ ಬಗ್ಗೆ.

“ಅವನನ್ನ ಎಂಟು, ಒಂಬತ್ತಕ್ಕೆ ಇಟ್ಕೊಂಡಿದಾರೆ ಮಾವ.”

“ಬುಮ್ರಾನ ಕೊನೇ ಓವರ್‌ಗೆ ಅಂತ ಇಟ್ಕೊಂಡು, ಆಟ ಹದಿನೇಳನೇ ಓವರ್‌ಗೇ ಮುಗಿದುಹೋದ್ರೆ?”

ನಾನು ಉತ್ತರ ಹೇಳುವ ಮೊದಲೇ ಸ್ಪ್ರಿಂಗರ್ ಹೊಡೆದ. ಎಡಗಡೆ, ಪ್ರೇಕ್ಷಕರ ನಡುವೆ ಬಿತ್ತು ಚೆಂಡು. ಮೂರು ರನ್. 4-3. ಅಲ್ಲಿಂದ ನಮಗೆ ಒಂದು ರನ್ ಕೂಡ ಬರಲಿಲ್ಲ. ಒಂಬತ್ತನೆಯದರಲ್ಲಿ ಹೂಲಿಯೋ ಸ್ಟ್ರೈಕ್ ಔಟ್ ಆದಾಗ ಮಗಳು ನನ್ನ ಮಡಿಲಿಗೆ ಮುಖ ಹಾಕಿ ಅತ್ತಳು. ಮುನ್ಯೋಸ್ ಆ ರಾತ್ರಿ ಮೈದಾನಕ್ಕೆ ಬರಲೇ ಇಲ್ಲ.

ತಮ್ಮ ಫೋನ್ ಮಾಡಿದ. “ಅಕ್ಕಾ, ಹಬ್ಬದ ಶುಭಾಶಯ ಹೇಳೋಣ ಅಂತ ಮಾಡ್ದೆ ಅಷ್ಟೇ” ಅಂದ. ಹಿಂದೆ ಬೀದಿಯಲ್ಲಿ ಕಾರುಗಳ ಹಾರ್ನ್ ಕೇಳುತ್ತಿತ್ತು. ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ ಅವನು. ಹನ್ನೆರಡು ದಿನ ಕಳೆದು ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಅವರ ಬ್ಲೂ ಜೇಸ್ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಹನ್ನೊಂದು ಇನಿಂಗ್ಸ್ ಆಡಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಸೋತರು. ಆವತ್ತು ನಾನು ಫೋನ್ ಮಾಡಿ ರಾಜ್ಯೋತ್ಸವದ ಶುಭಾಶಯ ಹೇಳಿದೆ.

ಆಮೇಲೆ ವಾರಗಟ್ಟಲೆ ಸಿಯಾಟಲ್‌ನಲ್ಲಿ ಎಲ್ಲಿ ಹೋದರೂ ಮಾವ ಕೇಳಿದ ಪ್ರಶ್ನೆಯೇ. ಆಫೀಸಿನ ಲಿಫ್ಟ್‌ನಲ್ಲಿ, ಕಾಫಿ ಅಂಗಡಿಯಲ್ಲಿ, ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕೂಡ. ಆ ಹೊತ್ತಿಗೆ ಮುನ್ಯೋಸ್ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಬಜಾರ್ಡೋ ಮೇಲೆ ನನಗೆ ಸಿಟ್ಟಿಲ್ಲ. ಇಡೀ ವರ್ಷ ಇಂಥ ಇಕ್ಕಟ್ಟಿನಲ್ಲಿ ಬಂದು ತಂಡವನ್ನು ದಾಟಿಸಿದವನು ಅವನು. ಜೊತೆಗೆ, ನಾವು ಸೋತದ್ದು ಆ ಒಂದು ಚೆಂಡಿಗೆ ಅಂತಲೂ ನಾನು ಒಪ್ಪುವುದಿಲ್ಲ.

ಏಳನೇ ಪಂದ್ಯ ಟೊರಾಂಟೊದಲ್ಲಿ ಯಾಕೆ ನಡೆಯಿತು? ಸೀಸನ್‌ನಲ್ಲಿ ಅವರು 94 ಗೆದ್ದಿದ್ದರು, ನಾವು 90. ಜಾಸ್ತಿ ಗೆದ್ದವರ ಊರಲ್ಲಿ ಕೊನೆಯ ಪಂದ್ಯ. ಏಪ್ರಿಲ್‌ನ ಚಳಿಯಲ್ಲಿ, ಅರ್ಧ ಖಾಲಿ ಸ್ಟೇಡಿಯಂನಲ್ಲಿ ‘ಹೋಗ್ಲಿ ಬಿಡು, ಇನ್ನೂ ನೂರು ಪಂದ್ಯ ಇದೆ’ ಅಂತ ನಾವೆಲ್ಲಾ ಬಿಟ್ಟ ಸೋಲುಗಳೇ ಅಕ್ಟೋಬರ್‌ನಲ್ಲಿ ಲೆಕ್ಕಕ್ಕೆ ಬಂದವು. ಸಿಯಾಟಲ್‌ನಲ್ಲೂ ಎರಡು ಸೋತಿರಲ್ಲ ಅಂತ ತಮ್ಮ ಕೇಳುತ್ತಾನೆ. ಹೌದು, ಸೋತೆವು. ಆದರೂ ಸಾವಿರಾರು ಜನ ನಿಂತು ಕೂಗುವ ಆ ಹದಿನೈದು ಇನಿಂಗ್ಸ್ ಕಣ್ಣಾರೆ ಕಂಡವಳು ನಾನು. ಏಳನೇ ಪಂದ್ಯದ ಏಳನೇ ಇನಿಂಗ್ಸ್ ನಮ್ಮೂರಲ್ಲಿ ನಡೆದಿದ್ದರೆ ಬೇರೆಯೇ ಆಗುತ್ತಿತ್ತು ಅಂತ ನನ್ನ ಗಟ್ಟಿ ನಂಬಿಕೆ.

ಹಾಗಾಗಿ 2026ಕ್ಕೆ ನಾನು ಮೊದಲು ನೋಡುವುದು ಏಪ್ರಿಲ್ ತಿಂಗಳನ್ನೇ. ನನ್ನ ಆಸೆಗೆ ಆಧಾರ ಪಿಚರ್‌ಗಳು. ಲೋಗನ್ ಗಿಲ್ಬರ್ಟ್, ಜಾರ್ಜ್ ಕರ್ಬಿ, ಲೂಯಿಸ್ ಕಸ್ತಿಯೋ, ವೂ, ಬ್ರೈಸ್ ಮಿಲ್ಲರ್. ಈ ಐದು ಜನ ಲೀಗ್‌ನಲ್ಲೇ ಶ್ರೇಷ್ಠ ಸಾಲು ಅಂತ ನನ್ನ ಲೆಕ್ಕ. ಆದರೆ ಹೋದ ವರ್ಷ ಕಸ್ತಿಯೋ ಬಿಟ್ಟು ಉಳಿದವರು ಒಬ್ಬರಾದ ಮೇಲೆ ಒಬ್ಬರು ಗಾಯವಾಗಿ ಕೂತರು. ಭುಜ, ಮೊಣಕೈ, ಎದೆ. ಬ್ಯಾಟ್ ಹಿಡಿದವರು ತಂಡವನ್ನು ಹೊತ್ತರು. ಮ್ಯಾರಿನರ್ಸ್‌ನಲ್ಲಿ ಯಾವಾಗಲೂ ಇದು ಉಲ್ಟಾ ಇರುತ್ತಿತ್ತು. ಪಿಚರ್‌ಗಳು ಎರಡೇ ರನ್ ಕೊಟ್ಟರೂ ಬ್ಯಾಟರ್‌ಗಳು ಒಂದೇ ಹೊಡೆದು ಸೋಲಿಸುತ್ತಿದ್ದರು. ಈ ವರ್ಷ ಎರಡೂ ಒಟ್ಟಿಗೆ ಕೂಡಿ ಬಂದರೆ ಅನ್ನುವುದೇ ನನ್ನ ಲೆಕ್ಕಾಚಾರ.

ಕ್ಯಾಲ್ ಮತ್ತೆ 60 ಹೊಡೆಯುವುದಿಲ್ಲ. 40 ಹೊಡೆದರೆ ನನಗೆ ಧಾರಾಳ ಸಾಕು. ಅವನ ಬೆಲೆ ಬೇರೆ ಕಡೆ ಏರುತ್ತದೆ. ಈ ವರ್ಷದಿಂದ ಮೇಜರ್ ಲೀಗ್‌ಗೆ ಹೊಸ ಪದ್ಧತಿ ಬರುತ್ತಿದೆ. ಅಂಪೈರ್ ಸ್ಟ್ರೈಕ್ (ಸರಿಯಾದ ಚೆಂಡು) ಅಥವಾ ಬಾಲ್ (ಹೊರಗೆ ಹೋದ ಚೆಂಡು) ಅಂತ ಹೇಳಿದ್ದು ತಪ್ಪೆನಿಸಿದರೆ ತಲೆ ತಟ್ಟಿಕೊಂಡು ಯಂತ್ರದ ತೀರ್ಪು ಕೇಳಬಹುದು. ನಮ್ಮ ಡಿಆರ್‌ಎಸ್ ಇದ್ದ ಹಾಗೆ, ತಂಡಕ್ಕೆ ಎರಡು ಅವಕಾಶ. ಸರಿಯಾಗಿ ಕೇಳಿದರೆ ಅವಕಾಶ ಉಳಿಯುತ್ತದೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮಾತ್ರ. ಚೆಂಡು ಎಲ್ಲಿ ಬಂತು ಅಂತ ಕ್ಯಾಚರ್‌ಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ? ಕ್ಯಾಲ್‌ನಂಥ ಕಣ್ಣು ಇರುವ ತಂಡಕ್ಕೆ ಇದರಿಂದ ಒಂದೆರಡು ಗೆಲುವು ಖಂಡಿತ ಸಿಗುತ್ತದೆ.

ಬ್ಯಾಟರ್ ಜಾಷ್ ನೇಲರ್ ನಮ್ಮ ತಂಡದ ಜೊತೆ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದು ಈ ಚಳಿಗಾಲದ ದೊಡ್ಡ ಸಂತೋಷ. ತಮ್ಮನ ಮಿಸಿಸಾಗಾದ ಹುಡುಗ ಅವನು. ದಪ್ಪ ಆಳು, ಓಟದಲ್ಲಿ ತೀರಾ ನಿಧಾನ. ಆದರೂ ಹೋದ ವರ್ಷ 30 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿ ಸೇರಿಕೊಂಡ. ಕಾಲಿನ ವೇಗ ಇಲ್ಲದವನು ಪಿಚರ್‌ನ ಭುಜ, ಹಿಮ್ಮಡಿ ನೋಡಿ ನೋಡಿ ಹೊತ್ತು ಸಾಧಿಸಿ ಓಡುವುದಿದೆಯಲ್ಲ, ಅದನ್ನು ನೋಡಲಿಕ್ಕೇ ಟಿಕೆಟ್ ತೆಗೆದುಕೊಳ್ಳಬಹುದು. ಪೊಲಾಂಕೋ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಆ ಹದಿನೈದನೇ ಇನಿಂಗ್ಸ್ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತೆ. ಸುವಾರೆಜ್‌ನ ಒಪ್ಪಂದವೂ ಮುಗಿದಿದೆ. ಆ ಜಾಗಗಳಲ್ಲಿ ಕೋಲ್ ಯಂಗ್ ಥರದ ಎಳೆಯರು ನಿಲ್ಲಬೇಕು. ಮೊದಲ ಎರಡು ತಿಂಗಳು ಅವರು ಒದ್ದಾಡಿದರೂ ವಿಲ್ಸನ್ ಕೈಬಿಡಬಾರದು.

ನನ್ನ ಭವಿಷ್ಯ ಇದು. 95 ಗೆಲುವು. ವಿಭಾಗ ಮತ್ತೆ ನಮ್ಮದೇ. ಅದೇ ವಿಭಾಗದ ಹ್ಯೂಸ್ಟನ್ ತಂಡ ಬೆನ್ನಟ್ಟಿ ಬರುತ್ತದೆ, ಆದರೆ ಸೆಪ್ಟೆಂಬರ್ ಎರಡನೇ ವಾರಕ್ಕೆ ಸುಸ್ತಾಗುತ್ತದೆ. ವೂ ಆರೋಗ್ಯವಾಗಿ ಇಡೀ ವರ್ಷ ಆಡಿದರೆ ಲೀಗ್‌ನ ಅತ್ಯುತ್ತಮ ಪಿಚರ್ ಪ್ರಶಸ್ತಿಗೆ ಅವನ ಹೆಸರು ಕೊನೆಯ ಸುತ್ತಿಗೆ ಬರುತ್ತದೆ. ಮತ್ತೆ ಟೊರಾಂಟೊ ಎದುರಾದರೆ ಏಳನೇ ಪಂದ್ಯ ಈ ಸಲ ಸಿಯಾಟಲ್‌ನಲ್ಲಿ. ತಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಅಕ್ಟೋಬರ್‌ಗೆ ರಜೆ ಉಳಿಸಿಕೊಂಡು ಇಲ್ಲಿಗೇ ಬಾ ಅಂತ. ಮಾವ ತಿಪಟೂರಿಗೆ ವಾಪಸ್ ಹೋಗಿದ್ದಾರೆ. ಮೊನ್ನೆ ಫೋನಿನಲ್ಲಿ ಕ್ಷೇಮ ಸಮಾಚಾರ ಮುಗಿದ ಮೇಲೆ ಕೇಳಿದರು, “ಆ ವೂ ಹುಡುಗನ ಎದೆ ನೋವು ಪೂರ್ತಿ ವಾಸಿ ಆಯ್ತೇನಮ್ಮಾ?”