3 ಪೌಂಡ್ 80 ಪೆನ್ಸ್ ಲೆಕ್ಕ

"3 ಪೌಂಡ್ 80 ಪೆನ್ಸ್ ಯಾತಕ್ಕೆ ಖರ್ಚಾಯಿತು, ತಿಳಿಸಿ" ಅಂತ ಇಲ್ಲಿನ ಕೌನ್ಸಿಲ್‌ನವರ, ಅಂದರೆ ನಮ್ಮೂರಿನ ನಗರಸಭೆಯಂಥವರ, ಕಾಗದ ಬಂತು. ಅಡುಗೆಮನೆ ಮೇಜಿನ ತುಂಬ ಮೂರು ತಿಂಗಳ ರಸೀದಿ ಹರಡಿಕೊಂಡು ಕೂತೆ.

ಯಜಮಾನರಿಗೆ ಸ್ಟ್ರೋಕ್ ಆಗಿ ಎರಡು ವರ್ಷ. ಇಂಗ್ಲೆಂಡಿಗೆ ಬಂದು ಮೂವತ್ತು ವರ್ಷ ಇಂಗ್ಲಿಷಿನಲ್ಲೇ ದುಡಿದವರು. ಸ್ಟ್ರೋಕು ಇಂಗ್ಲಿಷನ್ನು ಹೊತ್ತುಕೊಂಡು ಹೋಗಿ, ಕನ್ನಡವನ್ನು ಅಷ್ಟೋ ಇಷ್ಟೋ ಬಿಟ್ಟಿತು. ಕೌನ್ಸಿಲ್ ಗೊತ್ತುಮಾಡಿದ ಏಜೆನ್ಸಿಯಿಂದ ಬೆಳಿಗ್ಗೆ ಅರ್ಧ ಗಂಟೆ ಯಾರಾದರೂ ಬರುತ್ತಿದ್ದರು, ವಾರಕ್ಕೊಂದು ಹೊಸ ಮುಖ. ಒಳ್ಳೆಯವರೇ. ಆದರೆ ಇವರು "ನೀರು ಸುಡ್ತದೆ" ಅಂದರೆ ನಗುನಗುತ್ತಾ ಇನ್ನೊಂದು ಚೊಂಬು ಹುಯ್ಯೋರು.

ಡೈರೆಕ್ಟ್ ಪೇಮೆಂಟ್ ತಗೊಳ್ಳಿ ಅಂದದ್ದು ಸೋಶಿಯಲ್ ವರ್ಕರ್. 2014ರ ಕೇರ್ ಆ್ಯಕ್ಟಿನಲ್ಲಿ ಅದಕ್ಕೆ ದಾರಿಯಿದೆ: ಕೌನ್ಸಿಲ್ ಜನ ಕಳಿಸುವ ಬದಲು ದುಡ್ಡು ಕೊಡುತ್ತೆ, ಜನ ನೀವೇ ಹುಡುಕಿಕೊಳ್ಳಬೇಕು. ಉಳಿತಾಯ 23,250 ಪೌಂಡ್ ದಾಟಿದ್ದರೆ ಸಾಮಾನ್ಯವಾಗಿ ಆ ದುಡ್ಡೂ ಇಲ್ಲ. ನಮ್ಮದು ಅಲ್ಲಿಗೆ ಮುಟ್ಟಿರಲಿಲ್ಲ, ಬಡತನ ಒಮ್ಮೆ ಉಪಯೋಗಕ್ಕೆ ಬಂತು. "ಮಾಡೋಳು ನಾನೇ ಅಲ್ವಾ, ನನಗೇ ಕೊಡಿ" ಅಂದೆ. ಒಂದೇ ಮನೆಯಲ್ಲಿರೋ ಹೆಂಡತಿಗೆ ಸಾಮಾನ್ಯವಾಗಿ ಕೊಡೋ ಹಾಗಿಲ್ಲವಂತೆ.

ಸಿಕ್ಕಿದವಳು ದಾವಣಗೆರೆ ಹುಡುಗಿ, ಇಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮೀರಬಾರದು, ನಮಗೆ ಬೇಕಿದ್ದದ್ದು ಹನ್ನೆರಡೇ. ಆಮೇಲೆ ಶುರುವಾಯಿತು ನನ್ನ ಯಜಮಾನಿಕೆ. ಕೆಲಸ ಮಾಡೋ ಹಕ್ಕಿದೆ ಅಂತ ತೋರಿಸೋ ಅವಳ ಶೇರ್ ಕೋಡ್ ನೋಡು, ಅಪರಾಧದ ದಾಖಲೆ ಇದೆಯಾ ಅಂತ ನೋಡೋ ಡಿಬಿಎಸ್ ತಪಾಸಣೆ ಮಾಡಿಸು, ತೆರಿಗೆ ಇಲಾಖೆಯಲ್ಲಿ ಎಂಪ್ಲಾಯರ್ ಅಂತ ಹೆಸರು ಬರೆಸು. ಕೆಲಸಗಾರರ ವಿಮೆ ಬೇರೆ, ಕಾನೂನಿನ ಪ್ರಕಾರ ಕಡಿಮೆಯೆಂದರೂ 50 ಲಕ್ಷ ಪೌಂಡಿಗೆ. ನಮ್ಮ ಬಚ್ಚಲುಮನೆಗೆ! ವರ್ಷಕ್ಕೆ 5.6 ವಾರ ಸಂಬಳದ ರಜೆ ಅಂತ ಓದಿದಾಗ ಮಾತ್ರ ಸುಮ್ಮನಾದೆ. ಹಾಸನದಲ್ಲಿ ನಮ್ಮಮ್ಮನ ಮನೆಯಲ್ಲಿ ಹನ್ನೊಂದು ವರ್ಷ ಪಾತ್ರೆ ತಿಕ್ಕಿದಾಕೆ ಬಾರದ ದಿನ ನಾವು ಸಂಬಳ ಮುರಿಯುತ್ತಿದ್ದೆವು.

ರಸೀದಿ ಕೊನೆಗೂ ಸಿಕ್ಕಿತು. ಕೊತ್ತಂಬರಿ ಎರಡು ಕಟ್ಟು, ಹಸಿಮೆಣಸಿನಕಾಯಿ, ಬದನೆಕಾಯಿ. ಅವತ್ತು ಅವಳು ಇವರನ್ನು ಗಾಲಿಕುರ್ಚಿಯಲ್ಲಿ ಅಂಗಡಿಗೆ ಕರೆದೊಯ್ದಿದ್ದಳು. ನಾನು ಅವಸರದಲ್ಲಿ ಮನೆಯ ಕಾರ್ಡಿನ ಬದಲು ಕೌನ್ಸಿಲ್ ದುಡ್ಡಿನ ಕಾರ್ಡು ಕೊಟ್ಟಿದ್ದೆ. ಆ ದುಡ್ಡಲ್ಲಿ ಸೊಪ್ಪು ತರಕಾರಿ ಕೊಳ್ಳೋ ಹಾಗಿಲ್ಲ. ತಪ್ಪು ನನ್ನದೇ, ಆದರೂ ಆ ಪತ್ರದ ಧಾಟಿ ನೋಡಿದರೆ ನಾನು ಬ್ಯಾಂಕೇ ದೋಚಿದಂತಿತ್ತು. ಅಂದಹಾಗೆ, ಮೊದಲು ತೆಗೆದ ಕಟ್ಟನ್ನು ಮೂಸಿ, "ಇದು ಬಾಡಿದೆ, ಬೇರೆ ಕೊಡು" ಅಂದರಂತೆ ಇವರು. ಸ್ಟ್ರೋಕ್ ಆದಮೇಲೆ ಅಷ್ಟುದ್ದದ ಮಾತು ನಾನಂತೂ ಕೇಳಿರಲಿಲ್ಲ.

"ಕಾರ್ಡು ಅದಲುಬದಲಾಯಿತು" ಎಂದಷ್ಟೇ ಬರೆದು, ನನ್ನ ಖಾತೆಯಿಂದ 3.80 ವಾಪಸು ಹಾಕಿದೆ. ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಅವತ್ತು ಸಂಬಳದ ದಿನ. ಪೇಸ್ಲಿಪ್ ಕೊಟ್ಟರೆ ನೋಡದೆ ಮಡಚಿ ಜೇಬಿಗೆ ಹಾಕಿಕೊಂಡಳು.

"ಅಂಕಲ್, ಏಳ್ರಿ, ಸ್ನಾನಕ್ಕೆ."

"ನೀರು ಸುಡ್ತದೆ" ಅಂದರು ಇವರು.

ಅವಳಿನ್ನೂ ನಲ್ಲಿಯನ್ನೇ ತಿರುಗಿಸಿರಲಿಲ್ಲ.